ಗೂಢಚಾರನ ಶೇಂಗಾ ಚಟ್ನಿ

ಹೋದ ತಿಂಗಳು ಒಂದು ಬೆಳಿಗ್ಗೆ ಹಾಲು ತರಲು ಕೆಳಗಿಳಿದಾಗ ವಡೋದರೆಯ ನಮ್ಮ ಕಟ್ಟಡದ ಲಿಫ್ಟಿನ ಎದುರು ಪಂಕ್ಚರ್ ಸೊಲ್ಯೂಷನ್ನಿನ ವಾಸನೆ ಬಂತು. ಆ ವಾಸನೆ ನಿಮಗೂ ಗೊತ್ತಿರಬಹುದು. ಮೂಗಿನಲ್ಲಿ ತಂಗದೆ ನೇರ ನೆತ್ತಿಗೇ ಹೋಗುವಂಥದು. ಮೂರನೇ ಮಹಡಿಯ ಯುವಕನೊಬ್ಬ ಸೈಕಲ್ಲನ್ನು ತಲೆಕೆಳಗು ಮಾಡಿಕೊಂಡು ಕೂತಿದ್ದ. ಮೈಗಂಟಿದ ಬಟ್ಟೆ, ತಲೆಗೆ ತೂತುತೂತಿನ ಟೊಪ್ಪಿಗೆ, ಕೈಯಲ್ಲಿ ಎದೆಬಡಿತ ಎಣಿಸುವ ಗಡಿಯಾರ. "ಭಾನುವಾರ ಭರೂಚಿನ ತನಕ ಹೋಗಿ ಬರ್ತೇವೆ, ಅಂಕಲ್. ನೀವು ಯಾವತ್ತಾದರೂ ಸೈಕಲ್ ಹೊಡೆದಿದ್ದೀರಾ?" ಎಂದು ಹಿಂದಿಯಲ್ಲಿ ಕೇಳಿದ. ಹೂಂ ಎಂದು ಹಾಲು ತೆಗೆದುಕೊಂಡು ಮೇಲೆ ಬಂದೆ. ಆ ವಯಸ್ಸಿನವರಿಗೆ ಕತೆ ಹೇಳಲು ಹೋದರೆ ಗಡಿಯಾರ ನೋಡಿಕೊಳ್ಳುತ್ತಾರೆ. ಹೀಗಾಗಿ ನಿಮಗೆ ಹೇಳುತ್ತೇನೆ. ನೀವೂ ಅರ್ಧಕ್ಕೇ ಎದ್ದು ಹೋಗಬಹುದು, ಆದರೆ ಅದು ನನಗೆ ಕಾಣುವುದಿಲ್ಲವಲ್ಲ.

ಅರವತ್ತರ ದಶಕದ ನಡುವಿನ ಮಾತು. ನಾನು ಗದಗಿನ ಹತ್ತಿರದ ಹಳ್ಳಿಯವನು, ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಉಪಕರಣಗಳ ಧೂಳು ಒರೆಸುವುದು, ಅವುಗಳ ಮುಳ್ಳು ಎಲ್ಲಿ ನಿಂತಿದೆ ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಊರಿಗೆ ಹಾಕುವ ಕಾಗದಗಳಲ್ಲಿ ಮಾತ್ರ ನಾನು ವಿಜ್ಞಾನಿ. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸಕ್ಕರೆ ಹಾಕಿದ ದಾಲ್ ಉಣ್ಣುತ್ತಿದ್ದಾಗ ಯಾರೋ ದಕ್ಷಿಣದವರಿಗೆ ಗಟ್ಟಿತನವಿಲ್ಲ, ಅನ್ನ ತಿಂದು ಮೆತ್ತಗಾಗಿದ್ದಾರೆ ಎಂದರು. ನಾನು ಅನ್ನ ತಿಂದು ಬೆಳೆದವನಲ್ಲ, ಜೋಳದ ರೊಟ್ಟಿ ತಿಂದು ಬೆಳೆದವನು. ಅದನ್ನಷ್ಟು ಹೇಳಿ ಸುಮ್ಮನಿದ್ದರೆ ಆಗುತ್ತಿತ್ತು. "ನಾನು ಸೈಕಲ್ಲಿನಲ್ಲಿ ಒಬ್ಬನೇ ಸೂರತ್ತಿಗೆ ಹೋಗಿ ತೋರಿಸುತ್ತೇನೆ" ಎಂದೆ. ಯಾರೂ ತಡೆಯಲಿಲ್ಲ. ನನ್ನ ಹಿತೈಷಿಗಳು ಎಂದು ನಾನು ತಿಳಿದುಕೊಂಡಿದ್ದವರೂ ತಡೆಯಲಿಲ್ಲ.

ನಮ್ಮ ವಿಭಾಗದ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೇಗೂ ಹೋಗುತ್ತೀ, ದಾರಿಯುದ್ದಕ್ಕೂ ಗಾಳಿಯ ಒತ್ತಡ ಬರೆದುಕೊಂಡು ಬಾ ಎಂದು ಒಂದು ವಾಯುಭಾರಮಾಪಕ ಕೊಟ್ಟರು. ಕಪ್ಪು ಚರ್ಮದ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಬಿಲ್ಲೆ, ಅದರಲ್ಲಿ ನಡುಗುವ ಒಂದು ಮುಳ್ಳು. ಅದಕ್ಕೇನಾದರೂ ಆದರೆ ನಿನ್ನ ನೌಕರಿಗೂ ಅದೇ ಆಗುತ್ತದೆ ಎಂದು ನಕ್ಕರು. ನಗು ಬಾಯಿಯಲ್ಲಿ ಮಾತ್ರ ಇತ್ತು. ಅಳತೆಗೆ ಎಲ್ಲೆಲ್ಲಿ ನಿಲ್ಲಬೇಕು ಎಂದು ನಕಾಶೆಯಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿಕೊಂಡೆ. ಬಯಲುಸೀಮೆಯಲ್ಲಿ ಗುರುತು ಹಿಡಿಯಲು ಬೆಟ್ಟಗುಡ್ಡ ಇಲ್ಲವಾದ್ದರಿಂದ ಒಂದೊಂದು ಸೇತುವೆಗೂ ಒಂದೊಂದು ಕೆಂಪು ಸುತ್ತು. ಆಗಷ್ಟೇ ಪಾಕಿಸ್ತಾನದ ಜತೆ ಯುದ್ಧ ನಿಂತು ಕೆಲವು ತಿಂಗಳಾಗಿತ್ತು. ಕೆಂಪು ಸುತ್ತಿಗೂ ಯುದ್ಧಕ್ಕೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ನನಗಿರಲಿಲ್ಲ. ಬುದ್ಧಿ ಇದ್ದಿದ್ದರೆ ರೈಲಿನಲ್ಲಿ ಹೋಗುತ್ತಿದ್ದೆ.

ಬುತ್ತಿಗೆ ಅವ್ವ ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಂಡೆ. ನೀವು ಉತ್ತರ ಕರ್ನಾಟಕದವರಲ್ಲದಿದ್ದರೆ ಹೇಳಬೇಕು: ಅದು ಒಣಪುಡಿ. ಹುರಿದ ಶೇಂಗಾ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ್ದು, ಬಣ್ಣ ಕಡುಕೆಂಪು. ನಮ್ಮ ಅವ್ವ ಮೆಣಸಿನಕಾಯಿಯ ವಿಷಯದಲ್ಲಿ ಕೈ ಹಿಡಿಯುವವಳಲ್ಲ.

ಮೊದಲ ದಿನ ವಡೋದರೆಯವರೆಗೆ ಏನೂ ಆಗಲಿಲ್ಲ, ಸೀಟಿನ ಮೇಲೆ ಕೂರುವ ಭಾಗಕ್ಕೆ ಆದದ್ದನ್ನು ಬಿಟ್ಟರೆ. ಧರ್ಮಶಾಲೆಯಲ್ಲಿ ಬೋರಲು ಮಲಗಿದೆ. ಮರುದಿನ ಬೆಳಿಗ್ಗೆ ಊರಂಚಿನ ಮಂಜಲ್‌ಪುರ ದಾಟಿ ದಕ್ಷಿಣಕ್ಕೆ ಹೊರಟೆ. ಇಂದು ನಾನು ಮನೆ ಮಾಡಿಕೊಂಡಿರುವ ಇದೇ ಮಂಜಲ್‌ಪುರ ಆಗ ಹೊಲಗಳ ನಡುವಿನ ಹಳ್ಳಿ. ಇಲ್ಲಿ ಒಬ್ಬ ಎಮ್ಮೆಯ ಮೇಲೆ ಕೂತು ನನ್ನನ್ನು ದಾಟಿಕೊಂಡು ಹೋದದ್ದು ನೆನಪಿದೆ. ನಾನು ತುಳಿಯುತ್ತಿದ್ದೆ, ಅವನು ಬೀಡಿ ಸೇದುತ್ತಿದ್ದ.

ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಎದುರುಗಾಳಿ ಎದ್ದಿತು. ಬಯಲಿನ ಎದುರುಗಾಳಿಗೆ ಮುಖ ಕೊಟ್ಟು ಭಾರದ ಸೈಕಲ್ ತುಳಿಯುವವನಿಗೆ ತಾನು ನಿಂತಲ್ಲೇ ಇದ್ದೇನೆ, ಗಿಡಗಳೂ ತನ್ನನ್ನು ನೋಡಿ ಬೇಸತ್ತಿವೆ ಎನಿಸುತ್ತದೆ. ಇಳಿದು ಪೆಟ್ಟಿಗೆ ತೆರೆದೆ. ಮುಳ್ಳು ಸರಸರನೆ ಕೆಳಗಿಳಿಯುತ್ತಿತ್ತು. ಅಷ್ಟು ಚೆನ್ನಾಗಿ ಇಳಿಯುವ ಮುಳ್ಳನ್ನು ನಾನು ಪ್ರಯೋಗಶಾಲೆಯಲ್ಲೂ ನೋಡಿರಲಿಲ್ಲ. ಬಹಳ ಮೆಚ್ಚಿಕೊಂಡು ಬರೆದುಕೊಂಡೆ. ಒತ್ತಡ ಇಳಿದರೆ ಮಳೆ ಬರುತ್ತದೆ ಎಂಬುದು ನನಗೆ ಕಂಠಪಾಠವಾಗಿತ್ತು. ಆ ಮಳೆ ನನ್ನ ಮೇಲೆಯೇ ಬರುತ್ತದೆ ಎಂದು ಮಾತ್ರ ಹೊಳೆಯಲಿಲ್ಲ.

ಚಳಿಗಾಲದ ಅಕಾಲ ಮಳೆ. ಮೊದಲು ನಾಲ್ಕು ಹನಿ, ಆಮೇಲೆ ಲೆಕ್ಕವಿಲ್ಲ. ಡಾಂಬರು ರಸ್ತೆಗೆ ಅಡ್ಡಲಾಗಿ ಹಳ್ಳದ ನೀರು ಹರಿದು ಲಾರಿಗಳು ನಿಂತುಬಿಟ್ಟವು. ಲಾರಿ ಚಾಲಕನೊಬ್ಬ ರೈಲುಹಳಿಯ ಪಕ್ಕದ ಬಂಡಿದಾರಿ ಹಿಡಿದು ಹೋಗು, ಮುಂದೆ ಮತ್ತೆ ರಸ್ತೆ ಸಿಗುತ್ತದೆ ಎಂದ. ಆ ದಾರಿ ಎರೆಮಣ್ಣಿನದು. ಎರೆಮಣ್ಣು ನೆನೆದರೆ ಏನಾಗುತ್ತದೆ ಎಂದು ಗದಗಿನ ಕಡೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಇಳಿದೆ. ಗುಜರಾತಿನ ಎರೆಮಣ್ಣು ಬೇರೆ ಥರ ಇರಬಹುದು ಎಂದು ಯಾಕೆ ಅನಿಸಿತೋ.

ಬೇರೆ ಥರ ಇರಲಿಲ್ಲ. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಸೈಕಲ್ ನಿಂತೇಬಿಟ್ಟಿತು. ಕಡ್ಡಿಯಿಂದ ಕೆರೆದು ತೆಗೆದೆ, ಮತ್ತೆ ಹತ್ತು ಮಾರು. ಮತ್ತೆ ಕೆರೆದೆ. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತೆ. ಒಂದು ಚಪ್ಪಲಿಯನ್ನು ಆ ಭೂಮಿ ಇಟ್ಟುಕೊಂಡಿತು. ಉಳಿದ ಒಂದನ್ನು ಸಿಟ್ಟಿಗೆ ನಾನೇ ಎಸೆದೆ, ಎಸೆದ ಮರುಗಳಿಗೆಯೇ ಜಾಲಿಮುಳ್ಳು ತುಳಿದೆ. ಕ್ಯಾಂಟೀನಿನಲ್ಲಿ ಈ ಹೊತ್ತಿಗೆ ಬಿಸಿ ಚಹಾ ಕುಡಿಯುತ್ತಿರುವವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಬೈಯುತ್ತಾ ನಡೆದೆ. ಬೈಗುಳ ಮುಗಿಯುವ ಹೊತ್ತಿಗೆ ಒಂದು ಸಣ್ಣ ರೈಲುಸೇತುವೆ ಸಿಕ್ಕಿತು. ಅದರ ಕೆಳಗೆ ಒಣನೆಲ. ಸೈಕಲ್ ಇಳಿಸಿ, ಕುಕ್ಕರಗಾಲಲ್ಲಿ ಕೂತು, ನಕಾಶೆ ಒಣಗಿಸಲು ಹರಡಿ, ಪೆಟ್ಟಿಗೆಗೆ ನೀರು ಹೋಗಿದೆಯೋ ಎಂದು ಮುಚ್ಚಳ ತೆರೆದು ಮುಳ್ಳನ್ನು ನೋಡುತ್ತಿದ್ದೆ.

ನಿಮಗೆ ಈಗ ಕಾಣುತ್ತಿರುವುದೇ ಅಲ್ಲಿ ಬಂದವರಿಗೂ ಕಂಡಿತು. ಯುದ್ಧ ಮುಗಿದ ಹೊಸತು. ರೈಲುಸೇತುವೆಯ ಕೆಳಗೆ ಅಪರಿಚಿತನೊಬ್ಬ. ಮುಂದೆ ಸೇತುವೆಗಳಿಗೆ ಕೆಂಪು ಸುತ್ತು ಹಾಕಿದ ನಕಾಶೆ, ತೊಡೆಯ ಮೇಲೆ ಮುಳ್ಳು ಅಲ್ಲಾಡುವ ಕರಿ ಪೆಟ್ಟಿಗೆ.

"ಕೋಣ್ ಛೋ?" ಎಂದು ಒಬ್ಬ ಗದರಿದ. ತಲೆ ಎತ್ತಿದರೆ ಏಳೆಂಟು ಮಂದಿ, ಎಲ್ಲರ ಕೈಯಲ್ಲೂ ಕೋಲು. ಗುಜರಾತಿಯಲ್ಲಿ ಅದಕ್ಕೆ ಯಾರು ನೀನು ಎಂದರ್ಥ. ನನ್ನ ಅಂದಿನ ಸ್ಥಿತಿಗೆ ಕನ್ನಡದ ಅರ್ಥವೇ ಹೆಚ್ಚು ಹೊಂದುತ್ತಿತ್ತು, ಮೈತುಂಬಾ ಕೆಸರು.

ನನಗೆ ಬರುತ್ತಿದ್ದ ಗುಜರಾತಿ ಎಲ್ಲ ಕಾಯಿಪಲ್ಯದ ಸಂತೆಯಲ್ಲಿ ಕಲಿತದ್ದು. ಗಾಬರಿಯಲ್ಲಿ ಅದೇ ಬಂತು. ಕೋಲು ಎತ್ತಿದವನಿಗೆ "ಓಛಾ ಕರೋ, ಓಛಾ ಕರೋ" ಎಂದೆ. ಅಂದರೆ ಸ್ವಲ್ಪ ಕಡಿಮೆ ಮಾಡಿ. ಅವನು ಕಡಿಮೆ ಮಾಡಲಿಲ್ಲ. ಹೆಗಲ ಮೇಲೆ ಒಂದು ಬಿತ್ತು. ಇಷ್ಟರ ತನಕ ನನಗೆ ಎಲ್ಲವೂ ಒಂದು ತಮಾಷೆಯ ಹಾಗೆ ಇತ್ತು, ಮುಂದೆ ಕ್ಯಾಂಟೀನಿನಲ್ಲಿ ಹೇಳಲು ಕತೆ ಆಗುತ್ತದೆ ಎಂಬ ಲೆಕ್ಕಾಚಾರ ಒಳಗೆ ನಡೆದೇ ಇತ್ತು. ಆ ಏಟು ಬಿದ್ದ ಮೇಲೆ ಅದು ನಿಂತಿತು. ಈ ಊರಿನ ಹೆಸರು ನನಗೆ ಗೊತ್ತಿಲ್ಲ, ಇವರಿಗೆ ನನ್ನ ಹೆಸರು ಗೊತ್ತಿಲ್ಲ, ಇಲ್ಲಿ ಏನಾದರೂ ಆದರೆ ಅವ್ವನಿಗೆ ಯಾರು ತಿಳಿಸುತ್ತಾರೆ ಎಂದು ಕಾಲು ನಡುಗತೊಡಗಿತು.

ಊರಿನ ಪಟೇಲನ ಮನೆಯ ಪಡಸಾಲೆಗೆ ಕರೆದೊಯ್ದರು. ಪಟೇಲ ನಡುವಯಸ್ಸಿನ ಗಂಭೀರ ಮನುಷ್ಯ. ಮೂಲೆಯ ಮಂಚದ ಮೇಲೆ ಅವನ ಮುದಿ ತಾಯಿ ಕೂತು ಹತ್ತಿ ಬಿಡಿಸುತ್ತಿದ್ದಳು, ಎಲ್ಲರೂ ಅವಳನ್ನು 'ಬಾ' ಎನ್ನುತ್ತಿದ್ದರು. ಅಮ್ಮ ಎಂದ ಹಾಗೆ. ನಾನು ಸಂಸ್ಥೆಯ ಗುರುತಿನ ಚೀಟಿ ತೆಗೆದು ಕೊಟ್ಟೆ. ಪಟೇಲ ಹಿಂದೆಮುಂದೆ ನೋಡಿ, "ಜಾಸೂಸ್ ಚೀಟಿ ಇಲ್ಲದೆ ಬರ್ತಾನಾ?" ಎಂದ. ಪೆಟ್ಟಿಗೆ ಏನು ಎಂದು ಕೇಳಿದ. ಮಳೆ ಬರುತ್ತದೋ ಇಲ್ಲವೋ ತಿಳಿಸುತ್ತದೆ ಎಂದು ನನ್ನ ಹಿಂದಿಯಲ್ಲಿ ಹೇಳಿದೆ. ಹೊರಗೆ ಸುರಿಯುತ್ತಿದ್ದ ಮಳೆಯನ್ನು ಬಾ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಹತ್ತಿ ಬಿಡಿಸತೊಡಗಿದಳು.

ಆಮೇಲೆ ಡಬ್ಬಿ ತೆರೆದರು. ಕೆಂಪು ಪುಡಿ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ತಿನ್ನುವುದು, ತಿನ್ನುವುದು ಎಂದು ಕೈಸನ್ನೆ ಮಾಡಿದೆ. ಪಟೇಲ ಊರಿನ ಯಜಮಾನ, ಹೆದರಿದ ಹಾಗೆ ಕಾಣಬಾರದು. ಒಂದು ಚಿಟಿಕೆಯಲ್ಲ, ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಅವ್ವನ ಕೈ ಎಂಥದು ಎಂದು ಮೊದಲೇ ಹೇಳಿದ್ದೇನೆ. ಕಣ್ಣು ಮೂಗು ಎಲ್ಲ ಸುರಿದು, ಕೆಮ್ಮಿ ಕೆಮ್ಮಿ, ಒಂದು ತಂಬಿಗೆ ನೀರು ಕುಡಿದು, ಮಾತು ಬಂದ ಮೇಲೆ ಅವನು ಆಡಿದ ಮೊದಲ ಮಾತು, ತಾಲೂಕಿಗೆ ಆಳು ಕಳಿಸಿ ಪೊಲೀಸರನ್ನು ಕರೆಸಿ.

ಮಳೆಯಲ್ಲಿ ತಾಲೂಕಿಗೆ ಹೋಗಲು ದಾರಿ ಇರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರಿಗೆ, ಇವನು ಮದ್ರಾಸಿ ಎನ್ನುತ್ತಾನಲ್ಲ, ಸ್ಟೇಷನ್ನಿನ ಹತ್ತಿರ ಹೋಟೆಲಿಟ್ಟ ಮದ್ರಾಸಿಯನ್ನು ಕರೆತಂದು ಮಾತಾಡಿಸಿದರೆ ಹೇಗೆ ಎಂದು ಹೊಳೆಯಿತು. ಸ್ವಲ್ಪ ಹೊತ್ತಿಗೆ ಗೋಣಿಚೀಲ ತಲೆಗೆ ಹೊದ್ದುಕೊಂಡು ಒಬ್ಬರು ಬಂದರು. ಬಿಳಿ ಪಂಚೆ, ತೆಳ್ಳಗಿನ ದೇಹ, ಜನಿವಾರ. ನನಗಿಂತ ಹೆಚ್ಚೆಂದರೆ ಎಂಟ್ಹತ್ತು ವರ್ಷ ದೊಡ್ಡವರು. ಶೀನ ಭಟ್ಟರು, ಉಡುಪಿಯ ಕಡೆಯವರು. ನನಗೆ ಅಳುವೇ ಬಂತು. ಕೈಮುಗಿದು ಒಂದೇ ಉಸಿರಿನಲ್ಲಿ ಹೇಳಿದೆ:

"ನಮಸ್ಕಾರ್ರಿ ಭಟ್ರ. ನಾ ಗದಗ ಕಡೆಯಾಂವರಿ. ಅಹಮದಾಬಾದದಾಗ ನೌಕರಿ ಮಾಡ್ತೀನಿ. ಸೈಕಲ್ ಮ್ಯಾಲೆ ಸೂರತಕ್ಕ ಹೊಂಟಿದ್ದೆ, ಮಳ್ಯಾಗ ಸಿಕ್ಕೊಂಡೀನಿ. ಇವರಿಗೊಂದೀಟು ತಿಳಿಸಿ ಹೇಳ್ರಿ."

ಭಟ್ಟರು ನನ್ನ ಮುಖ ನೋಡಲಿಲ್ಲ. ಪಟೇಲನ ಕಡೆ ತಿರುಗಿ ಹಿಂದಿಯಲ್ಲಿ, "ಕನ್ನಡದ ಹಾಗೆ ಕೇಳುತ್ತದೆ. ಆದರೆ ನಮ್ಮ ಕನ್ನಡ ಅಲ್ಲ. ನಡುವೆ ಮರಾಠಿ ಇದೆ, ಉರ್ದುವೂ ಇದೆ" ಎಂದರು.

ಉರ್ದು ಎಂದದ್ದು 'ನೌಕರಿ' ಎಂಬ ಶಬ್ದಕ್ಕೆ. ಅಲ್ಲಿದ್ದ ಪ್ರತಿಯೊಬ್ಬ ಗುಜರಾತಿಯೂ ದಿನಾ ಆಡುವ ಶಬ್ದ ಅದು. ಆದರೆ ಉರ್ದು ಎಂಬ ಹೆಸರು ಬಿದ್ದ ಕೂಡಲೇ ಪಡಸಾಲೆಯಲ್ಲಿ ಕೋಲುಗಳು ನೆಟ್ಟಗಾದವು. ನಾನು ನನ್ನ ಭಾಷೆಯನ್ನೇ ನಂಬಿ ನಿಂತಿದ್ದೆ, ಅದೂ ಕೈಬಿಟ್ಟಿತು. ಪಟೇಲ ಡಬ್ಬಿಯನ್ನು ಭಟ್ಟರ ಮುಂದೆ ತಳ್ಳಿದ. ಭಟ್ಟರು ಚಿಟಿಕೆಯ ಅರ್ಧದಷ್ಟು ನಾಲಗೆಗೆ ಇಟ್ಟುಕೊಂಡರು.

"ಇದೆಂತದು?" ಎಂದು ಮೊದಲ ಸಲ ಕನ್ನಡದಲ್ಲಿ ಕೇಳಿದರು.

"ಶೇಂಗಾ ಚಟ್ನಿರಿ."

"ಚಟ್ನಿಯಾ? ಚಟ್ನಿ ಎಂದರೆ ತೆಂಗಿನಕಾಯಿಯದ್ದು. ಇದು ಇಟ್ಟಿಗೆ ಪುಡಿಯ ಹಾಗೆ ಉಂಟು."

ಬೆಳಗಿನಿಂದ ಗಾಳಿ, ಮಳೆ, ಮಣ್ಣು, ಮುಳ್ಳು, ಕೋಲು ಎಲ್ಲವನ್ನೂ ಸಹಿಸಿದ್ದೆ. ಇದನ್ನು ಸಹಿಸಲಾಗಲಿಲ್ಲ.

"ಭಟ್ರ, ನನ್ನ ಬೇಕಾದ್ರ ಜೈಲಿಗೆ ಹಾಕಸ್ರಿ. ನಮ್ಮವ್ವ ಮಾಡಿದ ಚಟ್ನಿಗೆ ಇಟ್ಟಂಗಿ ಪುಡಿ ಅನಬ್ಯಾಡ್ರಿ."

"ಇದ್ದದ್ದು ಹೇಳಿದೆ."

"ಇದ್ದದ್ದು ನಾನೂ ಹೇಳ್ತೀನಿ ಕೇಳ್ರಿ. ನಿಮ್ಮ ಮಂದಿ ಸಾಂಬಾರಕ್ಕ ಬೆಲ್ಲ ಹಾಕ್ತೀರಿ. ಅದನ್ನ ಅನ್ನದ ಮ್ಯಾಲೆ ಹಾಕ್ಕೋಬೇಕೋ, ದೇವರಿಗೆ ನೈವೇದ್ಯ ಮಾಡಬೇಕೋ ತಿಳಿಯಂಗಿಲ್ಲ."

ಭಟ್ಟರ ತಲೆಯ ಮೇಲಿನ ಗೋಣಿಚೀಲ ಜಾರಿ ಬಿತ್ತು. "ಬೆಲ್ಲದ ಸುದ್ದಿಗೆ ಬರಬೇಡಿ. ಒಂದು ತುಂಡು ಬೆಲ್ಲ ಬೀಳದಿದ್ದರೆ ಅದು ಸಾಂಬಾರು ಆಗುವುದೇ ಇಲ್ಲ. ನಿಮಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಬೆಳಿಗ್ಗೆ ಎದ್ದರೆ ಜೋಳದ ರೊಟ್ಟಿ ಬಡಿಯುವುದು, ಒಣಗಿಸಿ ಗಂಟು ಕಟ್ಟಿ ತೂಗುಹಾಕುವುದು. ಅದು ತಿನ್ನಲಿಕ್ಕಾ, ಮನೆಯ ಮಾಡಿಗೆ ಹಂಚಿನ ಹಾಗೆ ಹೊದೆಸಲಿಕ್ಕಾ?"

"ಹಂಚು ಮಾಡೂದು ನಿಮ್ಮೂರಾಗ. ನಿಮ್ಮ ದ್ವಾಸಿ ಆ ಹಂಚಿನಕಿಂತ ಭಾಳ ಮೆತ್ತಗೇನಿರಂಗಿಲ್ಲ ಬಿಡ್ರಿ."

"ನನ್ನ ದೋಸೆ ತಿಂದಿದ್ದೀರಾ ನೀವು? ತಿನ್ನದೆ ಮಾತಾಡಬೇಡಿ."

"ನಾವು ರೊಟ್ಟಿ ಒಣಗಿಸಿ ಇಡೂದು ನಿಮಗ ಹೆಂಗ ಗೊತ್ತು?"

ಭಟ್ಟರು ಬಗ್ಗಿ ಗೋಣಿಚೀಲ ಎತ್ತಿಕೊಂಡರು. ಆಮೇಲೆ ಮೊದಲಿಗಿಂತ ಜೋರಾಗಿ ಬದನೆಕಾಯಿಯ ವಿಷಯ ತೆಗೆದರು. ನಾನು ಬದನೆಕಾಯಿಯನ್ನೂ ಬಿಡಲಿಲ್ಲ. ನಾನು ಕೈಯಿಂದ ರೊಟ್ಟಿ ಬಡಿದು ತೋರಿಸಿದೆ, ಅವರು ಗಾಳಿಯಲ್ಲಿ ಹಿಟ್ಟು ಹುಯ್ದು ತೋರಿಸಿದರು. ಸುತ್ತ ನಿಂತವರು ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ತಲೆ ತಿರುಗಿಸುತ್ತಿದ್ದರು. ನನ್ನನ್ನು ಹಿಡಿದುಕೊಂಡಿದ್ದವನು ಕೈ ಬಿಟ್ಟು ಸರಿಯಾಗಿ ನೋಡಲು ಪಕ್ಕಕ್ಕೆ ನಿಂತಿದ್ದ.

ಆಗ ಬಾ ಹತ್ತಿಯನ್ನು ಪಕ್ಕಕ್ಕಿಟ್ಟಳು. "ಬಿಡು ಅವನನ್ನು" ಎಂದು ಮಗನಿಗೆ ಹೇಳಿದಳು. ಅವಳ ಗುಜರಾತಿ ನನಗೆ ಅರ್ಧ ಅರ್ಥವಾಯಿತು, ಉಳಿದದ್ದನ್ನು ಆಮೇಲೆ ಭಟ್ಟರು ಹೇಳಿದರು.

"ಬಾ, ನಿನಗೆ ಇವರ ಮಾತು ತಿಳೀತದಾ?" ಎಂದ ಪಟೇಲ.

"ಮಾತು ಯಾಕೆ ತಿಳೀಬೇಕು? ಅಡುಗೆಯ ವಿಷಯಕ್ಕೆ ಜಗಳ ಆಡ್ತಿದ್ದಾರೆ. ನಿನ್ನ ತಂಗಿಯ ಮದುವೆಯಲ್ಲಿ ನಮ್ಮ ವೇವಾಯಿಗಳು ಹೀಗೇ ಆಡಿರಲಿಲ್ಲವಾ? ಅರ್ಥವಾಗದವರ ಹತ್ತಿರ ಯಾರೂ ಇಷ್ಟು ಹೊತ್ತು ಜಗಳ ಆಡೋದಿಲ್ಲ. ಇವರಿಬ್ಬರೂ ಒಂದೇ ದೇಶದವರು."

ವೇವಾಯಿ ಎಂದರೆ ಬೀಗರು. ಪಟೇಲನಿಗೆ ಆ ಮದುವೆ ನೆನಪಾಗಿರಬೇಕು, ಮುಖದ ಬಿಗಿ ಸಡಿಲಿತು. ಯಾರೋ ನಕ್ಕರು. ನಾನೂ ಭಟ್ಟರೂ ಮಾತು ನಿಲ್ಲಿಸಿ ಪೆಚ್ಚಾಗಿ ನಿಂತೆವು. ಆಗಲೇ ನನಗೆ ಗೊತ್ತಾದದ್ದು, ಅಷ್ಟು ಹೊತ್ತು ನನ್ನ ಕಾಲು ನಡುಗಿರಲಿಲ್ಲ.

ಬಾ ಇಬ್ಬರನ್ನೂ ಉಣ್ಣಲು ಕೂರಿಸಿದಳು. ಸೊಸೆ ಒಲೆಯ ಮುಂದಿನಿಂದ ತಂದು ಹಾಕಿದ ರೊಟ್ಲೊ ಎತ್ತಿ ಮೂಸಿ ನೋಡಿದೆ. ಅದು ಜೋಳದ ರೊಟ್ಟಿ. ನಮ್ಮದಕ್ಕಿಂತ ತುಸು ದಪ್ಪ, ಆದರೆ ಅದೇ ಬಿಳುಪು, ಅದೇ ವಾಸನೆ. ಅಹಮದಾಬಾದಿನ ಮೆಸ್ಸಿನಲ್ಲಿ ಬರೀ ತೆಳು ಫುಲ್ಕಾ ತಿಂದು ಈ ನಾಡಿನಲ್ಲಿ ನಮ್ಮ ರೊಟ್ಟಿಯೇ ಇಲ್ಲ ಎಂದು ಎರಡು ವರ್ಷ ಕೊರಗಿದ್ದೆ. ಎಣ್ಣೆ ಕೇಳಿ ಚಟ್ನಿ ಕಲಸಿಕೊಂಡು ತಿಂದೆ. ಕಣ್ಣಲ್ಲಿ ನೀರು ಬಂತು, ಖಾರ ಎಂದು ಎಲ್ಲರೂ ತಿಳಿದರು. ಭಟ್ಟರು ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, "ಅಡಿಪಾಯಕ್ಕೆ ಆದೀತು" ಎಂದು ಎರಡು ತಿಂದರು. ಏಳುವಾಗ ಬಾ ಡಬ್ಬಿಯಿಂದ ಒಂದಿಷ್ಟು ಪುಡಿ ಸುರಿದುಕೊಂಡು ಉಳಿದದ್ದನ್ನು ನನಗೆ ಕೊಟ್ಟಳು. ಪಟೇಲ ವಾಯುಭಾರಮಾಪಕವನ್ನು ತನ್ನ ಅಂಗವಸ್ತ್ರದಲ್ಲಿ ಒರೆಸಿ ಕೈಗಿತ್ತ.

ಮಳೆ ನಿಂತಿತ್ತು. ಸೈಕಲ್ಲಿನ ಒಂದು ಕಡೆ ನಾನು, ಇನ್ನೊಂದು ಕಡೆ ಭಟ್ಟರು ಹಿಡಿದು ಸ್ಟೇಷನ್ನಿನ ಕಡೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅವರೇ ಹೇಳಿದರು.

"ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಹೋಟೆಲಿನಲ್ಲಿ ಹಿಟ್ಟು ಅರೆದಿದ್ದೇನೆ ಮಾರಾಯರೆ. ನೀವು ಬಾಯಿ ತೆರೆದ ಕೂಡಲೇ ಗೊತ್ತಾಯಿತು."

"ಮತ್ತ ಉರ್ದು ಅಂದ್ರಲ್ರೀ?"

ಅವರು ಸೈಕಲ್ ತಳ್ಳುತ್ತಲೇ ಹೇಳಿದರು. "ಯುದ್ಧದ ಸಮಯದಲ್ಲಿ ಊರೆಲ್ಲ ದೀಪ ಆರಿಸಬೇಕಿತ್ತಲ್ಲ. ನಾನು ಹಿಟ್ಟಿಗೆ ಅಕ್ಕಿ ನೆನೆಹಾಕುವಾಗ ಒಲೆಯಲ್ಲಿ ಸ್ವಲ್ಪ ಬೆಂಕಿ ಇತ್ತು. ಯಾರಿಗೆ ಸನ್ನೆ ಮಾಡುತ್ತೀ ಎಂದು ಇವರೇ ಕೋಲು ಹಿಡಿದುಕೊಂಡು ಬಂದರು. ನನ್ನ ಪರವಾಗಿ ಹೇಳುವವರು ಒಬ್ಬರೂ ಇರಲಿಲ್ಲ. ಅದು ಹೇಗೋ ಮುಗಿಯಿತು. ಈಗ ಅವರೇ ನನ್ನಲ್ಲಿ ದೋಸೆ ತಿನ್ನುತ್ತಾರೆ. ನೀವು ಯಾರು ಎಂದು ನನಗೆ ಗೊತ್ತುಂಟಾ? ಹೌದು ಎಂದು ಹೇಳಿ, ನಾಳೆ ಎಂತದಾದರೂ ಆದರೆ? ನನಗೆ ಇಲ್ಲಿಯೇ ಇರಬೇಕು."

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅವರ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸುವಷ್ಟರಲ್ಲಿ ಅದು ಮಣ್ಣಿನ ಹಾಗೆ ಒಣಗಿ ಉದುರಿತು.

"ಹಂಗಿದ್ರ ಜಗಳ ಯಾಕ ತಗದ್ರಿ? ಸುಮ್ನ ಇದ್ದಿದ್ರ ಆಗ್ತಿತ್ತು."

"ಬೆಲ್ಲದ ವಿಷಯ ಎತ್ತಿದಿರಲ್ಲ. ತಡೆದುಕೊಳ್ಳಲಿಕ್ಕೆ ಆಗಲಿಲ್ಲ."

ಆ ರಾತ್ರಿ ಅವರ ಹೋಟೆಲಿನ ಬೆಂಚಿನ ಮೇಲೆ ಮಲಗಿದೆ, ಎಂದಿನಂತೆ ಬೋರಲು. ಬೆಳಿಗ್ಗೆ ದೋಸೆ ಕೊಟ್ಟರು. ಮೆತ್ತಗಿತ್ತು. ಅದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಮುಂದೆ ಸೂರತ್ತಿನವರೆಗೆ ಏನೂ ಆಗಲಿಲ್ಲ, ಆದ್ದರಿಂದ ಹೇಳುವುದೂ ಏನಿಲ್ಲ. ನಾನು ತಂದ ಅಂಕಿಗಳನ್ನು ನೋಡಿ ನಮ್ಮ ಹಿರಿಯರು, ಇಷ್ಟು ಒತ್ತಡ ಇಳಿದಾಗ ನೀನು ಎಲ್ಲಿದ್ದೆ ಎಂದು ಕೇಳಿದರು. ಸೇತುವೆಯ ಕೆಳಗೆ ಎಂದೆ. ಒಳ್ಳೆಯ ಜಾಗ ಎಂದರು.

ಕೆಲವು ವರ್ಷಕ್ಕೆ ನನಗೆ ವಡೋದರೆಯಲ್ಲಿ ಬೇರೆ ಕೆಲಸ ಸಿಕ್ಕಿತು. ಭಟ್ಟರು ಸೂರತ್ತಿಗೆ ಹೋದರು, ತಾಪಿ ನದಿಯ ಆಚೆ ಅಡಾಜಣ್ ಬಡಾವಣೆ ಬೆಳೆದ ಮೇಲೆ ಅಲ್ಲಿ ದೊಡ್ಡ ಹೋಟೆಲು ಮಾಡಿದರು. ವರ್ಷಕ್ಕೊಮ್ಮೆಯಾದರೂ ಹೋಗುತ್ತಿದ್ದೆ. ನಾನು ಬಾಗಿಲಲ್ಲಿ ಕಾಲಿಟ್ಟು ಬಾಯಿ ತೆರೆದರೆ ಅವರು ಗಿರಾಕಿಗಳ ಎದುರೇ, "ಈ ಕನ್ನಡಕ್ಕೆ ಮೊದಲು ಇಸ್ತ್ರಿ ಹಾಕಿ, ಆಮೇಲೆ ಒಳಗೆ ಬನ್ನಿ" ಎನ್ನುತ್ತಿದ್ದರು. ನಾನು ಸಾಂಬಾರಿನ ಬಟ್ಟಲನ್ನು ಪಕ್ಕದವರಿಗೆ ತೋರಿಸಿ ಇಲ್ಲಿ ಪಾಯಸ ಮೊದಲೇ ಕೊಡುತ್ತಾರೆ ಎನ್ನುತ್ತಿದ್ದೆ. ನಮ್ಮಿಬ್ಬರ ಹೆಂಡಂದಿರಿಗೂ ಇದು ಕೊನೆಯ ತನಕ ಅರ್ಥವಾಗಲಿಲ್ಲ. ಭಟ್ಟರು ತೀರಿಕೊಂಡು ಕೆಲವು ವರ್ಷವಾಯಿತು. ಆಮೇಲೆ ನಾನು ಆ ಕಡೆ ಹೋಗಿರಲಿಲ್ಲ.

ಇದೆಲ್ಲ ನೆನಪಾದ ಮೇಲೆ ಮನೆಯಲ್ಲಿ ಕೂರಲಾಗದೆ ಮೊನ್ನೆ ಸೂರತ್ತಿನ ರೈಲು ಹತ್ತಿದೆ. ಹೋಟೆಲಿನ ಗಲ್ಲೆಯ ಮೇಲೆ ಭಟ್ಟರ ಮೊಮ್ಮಗ ಇದ್ದ, ಅದೇ ತೆಳ್ಳಗಿನ ದೇಹ. ನನ್ನ ಗುರುತು ಅವನಿಗೆ ಸಿಗಲಿಲ್ಲ. ಇಡ್ಲಿ ಸಾಂಬಾರು ತರಿಸಿದೆ. ಸೂರತ್ತಿನವರ ನಾಲಗೆಗೆ ತಕ್ಕಂತೆ ಬೆಲ್ಲ ಇನ್ನಷ್ಟು ಏರಿತ್ತು. ಕೈ ತೊಳೆದು ಗಲ್ಲೆಯ ಹತ್ತಿರ ಹೋಗಿ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ:

"ತಮ್ಮಾ, ಸಾಂಬಾರಕ್ಕ ಬೆಲ್ಲ ಹಾಕೀಯೋ, ಬೆಲ್ಲಕ್ಕ ಸಾಂಬಾರ ಹಾಕೀಯೋ?"

ಅವನು ಎದ್ದು ನಿಂತು ಮುಖ ಅರಳಿಸಿದ. "ಅಂಕಲ್, ನನಗೆ ಕನ್ನಡ ಸ್ವಲ್ಪ ಸ್ವಲ್ಪ ಬರುತ್ತೆ. ನಿಮ್ಮದು ತುಂಬ ಪ್ಯೂರ್ ಇದೆ. ಸೇಮ್ ನಮ್ಮ ಅಜ್ಜನ ಹಾಗೇ ಮಾತಾಡ್ತೀರಿ."

ನಾನು ಅಡುಗೆಮನೆಯ ಬಾಗಿಲಿನ ಕಡೆ ನೋಡಿದೆ. ಈ ಮಾತು ಕೇಳಿಸಿಕೊಂಡಿದ್ದರೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ಬಾಗಿಲ ಪರದೆ ಫ್ಯಾನಿನ ಗಾಳಿಗೆ ಅಲ್ಲಾಡಿತು, ಒಳಗೆ ಯಾರೋ ಹಿಂದಿಯಲ್ಲಿ ಎರಡು ಮಸಾಲೆ ಎಂದು ಕೂಗಿದರು.

"ಸಾಂಬಾರ್ ಹೇಗಿತ್ತು, ಅಂಕಲ್?" ಎಂದು ಹುಡುಗ ಈಗ ಹಿಂದಿಯಲ್ಲೇ ಕೇಳಿದ.

ಚೆನ್ನಾಗಿದೆ ಎಂದೆ. ಆ ಹೋಟೆಲಿನಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ವಾಪಸು ಹೋಗಿ ಕೂತು ಇನ್ನೊಂದು ಬಟ್ಟಲು ತರಿಸಿಕೊಂಡು, ಅಷ್ಟನ್ನೂ ಕುಡಿದೆ.